ಗಿರಿಜಕ್ಕ ಮೆಟ್ಟಿಲು ಹತ್ತಿದ ಬೇಸಿಗೆ

ಮೊನ್ನೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಉಣ್ಣೆ ಎಣ್ಣೆಯ ಬಾಟಲಿ ಕೊಟ್ಟು ಹೋದಳು. ಬಿಸಿಲು ಏರುತ್ತಿದ್ದಂತೆ ನಮ್ಮ ಕಡೆ ಮಂಗನ ಕಾಯಿಲೆಯ ಭಯ ಶುರುವಾಗುತ್ತದೆ. ಕಾಡಿನ ಅಂಚಿನಲ್ಲಿ ಓಡಾಡುವವರು ಅದನ್ನು ಹರಡುವ ಉಣ್ಣೆ ಹುಳ ಕಚ್ಚದಿರಲಿ ಎಂದು ಕೈಕಾಲಿಗೆ ಈ ಎಣ್ಣೆ ಹಚ್ಚಿಕೊಳ್ಳಬೇಕು. ಮುಚ್ಚಳ ತಿರುಗಿಸಿದ್ದೇ ತಡ, ಆ ಘಾಟು ಮೂಗಿಗೆ ಹೊಡೆಯಿತು. ಬೇರೆಯವರಿಗೆ ಅದು ಬರೀ ಔಷಧಿಯ ವಾಸನೆ. ನನಗೆ ಅದು ಮೂರು ವರ್ಷದ ಹಿಂದಿನ ಒಂದು ಬೇಸಿಗೆಯ ವಾಸನೆ. ಆ ಬೇಸಿಗೆ ಪೂರ್ತಿ ಈ ಎಣ್ಣೆ ಬಳಿದುಕೊಂಡೇ ಮನೆಯಿಂದ ಮನೆಗೆ ತಿರುಗಿದ್ದೆ. ನೆನಪಾದರೆ ಈಗಲೂ ಸಿಟ್ಟು ಬರುತ್ತದೆ. ಸಿಟ್ಟು ಆರುವ ಮೊದಲೇ ಬರೆದಿಡೋಣ ಎಂದು ಕೂತಿದ್ದೇನೆ.

ನನ್ನ ಹೆಸರು ಸುಜಾತ. ಮುತ್ತಿನಕೊಪ್ಪದಿಂದ ಆಚೆಗೆ, ಭದ್ರೆಯ ಹಿನ್ನೀರಿನ ಬದಿಯ ಒಂದಿಷ್ಟು ಊರುಗಳಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವ ಪಂಚಾಯಿತಿ ಕಾರ್ಯಕರ್ತೆ ನಾನು. ಯಾರಿಗೆ ಕಾರ್ಡು ಆಗಿಲ್ಲ, ಯಾರ ಮಾಸಾಶನ ನಿಂತಿದೆ, ಯಾರಿಗೆ ಊರುಗೋಲು ಬೇಕು ಎಂದು ವಿಚಾರಿಸುವುದು, ಅರ್ಜಿ ತುಂಬಿಸುವುದು, ಆಫೀಸಿಗೆ ಅಲೆಯುವುದು. ಈ ಕೆಲಸಕ್ಕೆ ನಮ್ಮಂಥವರನ್ನೇ ತೆಗೆದುಕೊಳ್ಳುತ್ತಾರೆ. ನನಗೆ ಎರಡು ವರ್ಷ ತುಂಬುವ ಮೊದಲೇ ಪೋಲಿಯೊ ಬಂದು ಎಡಗಾಲು ಸೊರಗಿತು. ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು, ಹಿಂದೆ ಎರಡು ಚಕ್ರ ಹೆಚ್ಚಿಗೆ ಇರುವ ಸ್ಕೂಟರಿನಲ್ಲಿ ಓಡಾಡುತ್ತೇನೆ. ನಮ್ಮನ್ನು ಮೊದಲು ಕುಂಟರು, ಕುರುಡರು ಎನ್ನುತ್ತಿದ್ದರು. ಆಮೇಲೆ ಅಂಗವಿಕಲರಾದೆವು, ವಿಕಲಚೇತನರಾದೆವು, ಈಗ ದಿವ್ಯಾಂಗರು. ಹೆಸರಿಗೆ ಬಡ್ತಿ ಸಿಗುತ್ತಲೇ ಇದೆ. ಮಾಸಾಶನದ ಮಾತು ಬಂದಾಗ ಮಾತ್ರ ಎಲ್ಲರ ಕಣ್ಣಲ್ಲೂ ಅದೇ ಹಳೇ ಅನುಮಾನ, ಇವರಿಗೆ ನಿಜವಾಗಿಯೂ ಆಗುವುದಿಲ್ಲವೋ, ನಾಟಕವೋ ಎಂದು.

ನನ್ನ ಪಟ್ಟಿಯಲ್ಲಿದ್ದವರ ಪೈಕಿ ಗಿರಿಜಕ್ಕ ಎಂಬವಳ ಕಥೆ ಇದು. ಅವಳಿಗೆ ಆಗ ಐವತ್ತು ದಾಟಿತ್ತು. ಹುಟ್ಟಿದಾಗಿನಿಂದ ಬಲಭಾಗ ಅವಳ ಮಾತು ಕೇಳುವುದಿಲ್ಲ. ಬಲಗೈ ಮಣಿಕಟ್ಟಿನಲ್ಲಿ ಒಳಕ್ಕೆ ಮಡಚಿಕೊಂಡೇ ಇರುತ್ತದೆ, ಬಲಗಾಲನ್ನು ಎಳೆದು ಹಾಕಬೇಕು, ನಾಲಿಗೆ ಸ್ವಲ್ಪ ತೊದಲುತ್ತದೆ. ಬುದ್ಧಿ ಮಾತ್ರ ಬಲು ಚುರುಕು. ನಲವತ್ತು ವರ್ಷ ಅವಳು ಅಣ್ಣ ರಾಮಣ್ಣನ ಮನೆಯ ಅಡುಗೆಮನೆ ಹಿಂದಿನ ಒಂದು ಮೂಲೆಯಲ್ಲಿ ಕಳೆದಳು. ರಾಮಣ್ಣ ಕೆಟ್ಟವನಲ್ಲ, ಗದ್ದೆ ಮಾಡಿಕೊಂಡು ತನ್ನ ಪಾಡಿಗೆ ಇರುವವನು. ಅತ್ತಿಗೆಯೂ ಒಂದು ದಿನ ಕೈ ಎತ್ತಿದವಳಲ್ಲ. ಆದರೆ ಕೊಟ್ಟಾಗ ಉಣ್ಣಬೇಕು, ಕರೆದಾಗ ಏಳಬೇಕು, ನೆಂಟರು ಬಂದರೆ ಹೊರಗೆ ಕಾಣಿಸಿಕೊಳ್ಳಬಾರದು. ಮಾಸಾಶನ ಮಂಜೂರಾಗಿ ಒಂದು ವರ್ಷ ಕಳೆದ ಮೇಲೆ ಗಿರಿಜಕ್ಕ ಅಂಗಳದಾಚೆ ಗೊಬ್ಬರದ ಚೀಲ ಇಡುತ್ತಿದ್ದ ಕೋಣೆಯನ್ನು ಅಣ್ಣನ ಹತ್ತಿರ ಕೇಳಿ ಪಡೆದಳು. ಸುಣ್ಣ ಹೊಡೆಸಿ, ಒಲೆ ಹೂಡಿದಳು. ಮೊದಲ ದಿನ ಮಾಡಿದ್ದು ಹುರುಳಿ ಸಾರು. ಅತ್ತಿಗೆಗೆ ಹುರುಳಿ ಒಗ್ಗುವುದಿಲ್ಲ ಎಂದು ಆ ಮನೆಯಲ್ಲಿ ಅದನ್ನು ಮಾಡಿಯೇ ಇರಲಿಲ್ಲವಂತೆ. ನಲವತ್ತು ವರ್ಷ ಅವಳಿಗೆ ಹುರುಳಿ ಸಾರಿನ ಆಸೆ ಇತ್ತು ಎಂದು ಆ ಮನೆಯವರಿಗೆ ಗೊತ್ತೇ ಇರಲಿಲ್ಲ.

ಮಾಸಾಶನ ನಿಂತರೆ ಗಿರಿಜಕ್ಕನ ಕೋಣೆ ಹೋಗುತ್ತಿತ್ತು, ಅವಳು ಮತ್ತೆ ಆ ಮೂಲೆಗೆ ವಾಪಸ್ಸು ಹೋಗಬೇಕಾಗುತ್ತಿತ್ತು. ಆ ಬೇಸಿಗೆಯಲ್ಲಿ ನಮಗಿದ್ದ ಚಿಂತೆ ಇದೇ.

ಶಿವರಾತ್ರಿ ಕಳೆದ ವಾರ ಪಂಚಾಯಿತಿಗೆ ಒಂದು ಪತ್ರ ಬಂತು. ಅಂಗವಿಕಲರ ಸ್ಥಿತಿಗತಿ ಸಮೀಕ್ಷೆ, ಸಹಕರಿಸಿ ಎಂದಷ್ಟೇ ಅದರಲ್ಲಿತ್ತು. ಸಲಕರಣೆಯೋ, ತರಬೇತಿಯೋ ಏನೋ ಕೊಡುತ್ತಾರೆ ಎಂದು ನಾನು ಹಿಗ್ಗಿದೆ. ನನ್ನ ಹತ್ತು ವರ್ಷದ ಕೆಲಸವೆಲ್ಲ ಒಂದೇ ಪಾಠ: ಆಗುವುದಿಲ್ಲ ಎನ್ನಬೇಡಿ, ಏನೇನು ಆಗುತ್ತದೆ ಹೇಳಿ, ತಲೆ ಎತ್ತಿ ಹೇಳಿ. ಅದನ್ನೇ ಮತ್ತೆ ಮನೆಮನೆಗೆ ಹೋಗಿ ಹೇಳಿಬಂದೆ. ಗಿರಿಜಕ್ಕನಿಗಂತೂ ಒತ್ತಿ ಹೇಳಿದೆ, "ನಾಳೆ ಸರ್ವೆಯವ್ರು ಬರ್ತಾರೆ. ಒಳ್ಳೇ ಸೀರೆ ಉಟ್ಕಂಡಿರು. ನೀನು ಎಂತೆಂತ ಮಾಡ್ಕಂತೀಯೋ ಎಲ್ಲಾ ಹೇಳು."

"ಹೇಳ್ದಿದ್ರೆ ಬಿಡ್ತೀಯಾ ನೀನು?" ಎಂದು ನಕ್ಕಿದ್ದಳು.

ಮಾರನೆಯ ದಿನ ಸರ್ವೆಯ ಹುಡುಗಿ ಬಂದಳು. ಪಾಪ, ಬಯಲುಸೀಮೆಯ ಕಡೆಯವಳು, ಮಾತಾಡಿದರೆ ಮರ್ಯಾದೆ. ಬಿಸಿಲಿಗೆ ಮುಖ ಕೆಂಪಗಾಗಿತ್ತು. ಉಣ್ಣೆ ಎಣ್ಣೆ ಹಚ್ಚಿಕೋ ಎಂದು ನಾನೇ ಅವಳ ಕೈಗೆ ಸುರಿದು, ಜೊತೆಗೆ ಕರೆದುಕೊಂಡು ಹೋದೆ. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ಚೊಂಬು ನೀರು, ಒಂದು ಚೂರು ಬೆಲ್ಲ. ಜಗಳಕ್ಕೇ ಬಂದವರಾದರೂ ನೀರು ಕುಡಿದ ಮೇಲೆ ಜಗಳ. ಗಿರಿಜಕ್ಕ ನೀಲಿ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ನಾವು ಕೂತದ್ದೇ ಒಳಗೆ ಹೋಗಿ, ಎಡಗೈಯಲ್ಲಿ ಚೊಂಬು ಹಿಡಿದು, ಬೆಲ್ಲದ ತಟ್ಟೆಯನ್ನು ಮಡಚಿದ ಬಲಗೈ ಮತ್ತು ಎದೆಯ ನಡುವೆ ಒತ್ತಿಕೊಂಡು ತಂದಳು. ಆಮೇಲೆ ಮತ್ತೆ ಹೋಗಿ ಮಜ್ಜಿಗೆ ತಂದಳು. ಹುಡುಗಿ ಬೆರಗಾದಳು.

"ಎಲ್ಲಾ ನೀವೇ ಮಾಡ್ತೀರಾ ಅಮ್ಮಾ? ಅಡುಗೆ?"

"ನಾನೇ."

"ನೀರು ತರೋದು, ಬಟ್ಟೆ?"

"ಮತ್ಯಾರು ಮಾಡ್ತಾರೆ ಮಾರಾಯ್ತಿ? ನಾನೇ."

ಹುಡುಗಿ ಪ್ರತಿ ಪ್ರಶ್ನೆಗೂ ಮೊಬೈಲಿನಲ್ಲಿ ಹೌದು, ಹೌದು ಎಂದು ಒತ್ತಿದಳು. ಹೊರಡುವಾಗ, "ನಿಮ್ಮಂಥೋರನ್ನ ನೋಡಿದ್ರೆ ತುಂಬಾ ಖುಷಿಯಾಗುತ್ತೆ" ಎಂದಳು. ಗಿರಿಜಕ್ಕನ ಮುಖ ಅರಳಿತು. ನನಗೂ ಹೆಮ್ಮೆ. ಹೆಮ್ಮೆಯಿಂದಲೇ ಸ್ಕೂಟರ್ ತಿರುಗಿಸಿದೆ. ನನ್ನಂಥ ದಡ್ಡಿ ಸುತ್ತಲಿನ ಮೂರು ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ.

ಯುಗಾದಿಗೆ ನಾಲ್ಕು ದಿನ ಇದೆ ಎನ್ನುವಾಗ ಪಂಚಾಯಿತಿಯ ಬೋರ್ಡಿಗೆ ಪಟ್ಟಿ ಅಂಟಿಸಿದರು. ಮೇಲೆ ಮರುಪರಿಶೀಲನೆ ಎಂದಿತ್ತು, ಕೆಳಗೆ ನಮ್ಮವರ ಹೆಸರುಗಳು. ತನ್ನ ಕೆಲಸ ತಾನೇ ಮಾಡಿಕೊಳ್ಳಲು ಶಕ್ತರಾದವರ ಮಾಸಾಶನ ಕಡಿತಗೊಳಿಸುವ ಅಥವಾ ನಿಲ್ಲಿಸುವ ಪ್ರಸ್ತಾವನೆ ಇದೆ, ವಿಚಾರಣೆಗೆ ಖುದ್ದು ಹಾಜರಾಗಬೇಕು ಎಂದು ಬರೆದಿತ್ತು. ಗಿರಿಜಕ್ಕನ ಹೆಸರಿನ ಮುಂದೆ 'ಎಲ್ಲ ಕೆಲಸ ಸ್ವತಂತ್ರವಾಗಿ ನಿರ್ವಹಿಸುತ್ತಾರೆ' ಎಂದಿತ್ತು. ಬೆಲ್ಲ, ನೀರು, ಮಜ್ಜಿಗೆ ಎಲ್ಲ ಸೇರಿ ಆ ಒಂದು ಸಾಲು ಆಗಿತ್ತು.

"ಬರೀ ಪ್ರಸ್ತಾವನೆ ಕಣಮ್ಮ, ಇನ್ನೂ ಆಗಿಲ್ಲ. ಎಂತಕ್ಕೆ ಗಾಬರಿ?" ಎಂದರು ಪಂಚಾಯಿತಿಯಲ್ಲಿ ಕೂತವರು. ಅವರ ಸಂಬಳದ ಬಗ್ಗೆ ಯಾರಾದರೂ ಬರೀ ಪ್ರಸ್ತಾವನೆ ಮಾಡಲಿ, ಆಮೇಲೆ ನೋಡೋಣ ಎಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ದಿನಗಳಲ್ಲಿ ಇಂಥದ್ದು ಬಹಳ ನುಂಗಿದೆ.

ಪಟ್ಟಿಯಲ್ಲಿದ್ದ ಒಬ್ಬೊಬ್ಬರ ಹೆಸರಿಗೂ ಒಂದೊಂದು ನೋಟಿಸಿನ ಹಾಳೆ ಬಂದಿತ್ತು. ಗಿರಿಜಕ್ಕನದನ್ನು ಹಿಡಿದು ಅವಳಿಗೆ ಹೇಳಲು ಹೋದಾಗ ಮಧ್ಯಾಹ್ನ. ಅವಳು ಪೂರ್ತಿ ಕೇಳಿಸಿಕೊಂಡಳು. "ಮನೆಗ್ ಬಂದೋರಿಗೆ ನೀರು ಕೊಟ್ಟಿದ್ದು ತಪ್ಪಾ?" ಎಂದು ಕೇಳಿದಳು. ಹಿಂದೆಯೇ, "ನಿನ್ ಮಾತು ಕೇಳಿ ಒಳ್ಳೇ ಸೀರೆ ಉಟ್ಟೆ ಮಾರಾಯ್ತಿ! ಹರಕು ಉಟ್ಕಂಡು ಮೂಲೇಲಿ ಬಿದ್ಕಂಡಿದ್ರೆ ಆಗಿತ್ತು" ಎಂದು ಕೂಗಿದಳು. ಕೂಗಿದ್ದು ಸರಿಯೇ. ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಅವಳು ಮುಖ ತಿರುಗಿಸಿಕೊಂಡು ಪಾತ್ರೆ ತಿಕ್ಕತೊಡಗಿದಳು. ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಹತ್ತು ವರ್ಷದಲ್ಲಿ ಅಷ್ಟು ದಿನ ಅವಳ ಬೈಗುಳ ಕೇಳದೆ ನಾನು ಇದ್ದದ್ದು ಅದೇ ಮೊದಲು, ಸಂಕಟವಾಗುತ್ತಿತ್ತು.

ಅಷ್ಟರಲ್ಲಿ ನರಸಿಂಹರಾಜಪುರದ ಪೇಟೆಯಲ್ಲಿ ಅರ್ಜಿ ತುಂಬಿಕೊಡುವ ಒಬ್ಬ ಮಹಾನುಭಾವ ಎಲ್ಲರಿಗೂ ಉಪಾಯ ಹೇಳಿಕೊಡತೊಡಗಿದ್ದ. ವಿಚಾರಣೆಯ ದಿನ ಯಾರೂ ನಡೆದು ಬರಬೇಡಿ, ಎತ್ತಿಕೊಂಡು ಬನ್ನಿ, ಕೇಳಿದ್ದಕ್ಕೆ ಬಾಯಿ ಬಿಡಬೇಡಿ, ಸ್ವಲ್ಪ ಜೊಲ್ಲು ಸುರಿದರೂ ಅಡ್ಡಿಯಿಲ್ಲ. ರಾಮಣ್ಣನಿಗೆ ಇದು ಹಿಡಿಸಿತು. "ನಾನೇ ಎತ್ಕಂಡು ಹೋಗ್ತೀನಿ, ನೀನು ಸುಮ್ನೆ ಕಣ್ಣು ಮುಚ್ಕಂಡಿರು" ಎಂದು ತಂಗಿಗೆ ಹೇಳಿದನಂತೆ. ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಅನಿಸಿತು. ಒಂದು ಸಲ ಮೋಸ ಹೋಗಿದ್ದೆವಲ್ಲ, ಇನ್ನೊಮ್ಮೆ ಹೋಗುವುದು ಬೇಡ ಎಂದು. ಗಿರಿಜಕ್ಕನ ಬಾಗಿಲಿಗೆ ಹೋಗಿ ನಾನೇ ಮೆಲ್ಲಗೆ ಹೇಳಿದೆ, "ಒಂದು ದಿನದ ಮಟ್ಟಿಗೆ ತಾನೇ ಗಿರಿಜಕ್ಕ?"

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ನಲ್ವತ್ತು ವರ್ಷ ಅದನ್ನೇ ಮಾಡಿದ್ದು ನಾನು. ಯಾರೋ ಬಂದ್ರೆ ಕಣ್ಣು ಮುಚ್ಕಂಡು ಬಿದ್ಕಳದು. ನೀನೇ ಬಂದು ಏಳು ಏಳು ಅಂತ ಎಬ್ಸಿದಿ. ಈಗ ಮತ್ತೆ ಮಲ್ಗು ಅಂತೀಯಾ?"

ಆ ಮಾತಿಗೆ ನಾನು ಸ್ಕೂಟರ್ ಸ್ಟಾರ್ಟ್ ಮಾಡದೆ ಅರ್ಧ ಗಂಟೆ ರಸ್ತೆ ಬದಿಯಲ್ಲೇ ಕೂತಿದ್ದೆ. ಆ ವರ್ಷ ಹಿನ್ನೀರು ಬಹಳ ಕೆಳಗೆ ಇಳಿದಿತ್ತು. ಮುಳುಗಡೆಯಾಗಿದ್ದ ಗದ್ದೆಗಳ ಬದುಗಳು ಬಿರುಕುಬಿಟ್ಟ ಕೆಸರಿನಲ್ಲಿ ಕಾಣುತ್ತಿದ್ದವು.

ಕೊಪ್ಪದ ಕಡೆಯ ಒಂದು ಪಂಚಾಯಿತಿಯಲ್ಲಿ ನನ್ನದೇ ಕೆಲಸ ಮಾಡುವ ಪ್ರಕಾಶ ಎಂಬವನಿದ್ದಾನೆ. ಎರಡೂ ಕಣ್ಣು ಕಾಣುವುದಿಲ್ಲ, ಫೋನಿನಲ್ಲಿ ಮಾತು ಮಾತ್ರ ಯಾವಾಗಲೂ ಉದ್ದ. ಅವನಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ. ಅವನ ಪಟ್ಟಿಯಲ್ಲೂ ಇದೇ ಗತಿ, ಶೃಂಗೇರಿಯ ಕಡೆಯೂ ಇದೇ ಗತಿಯಂತೆ. "ಬುಧವಾರ ಕೊಪ್ಪಕ್ಕೆ ಬಾ. ನೆಮ್ಮಾರಿನಿಂದ ಸಾವಿತ್ರಮ್ಮ ಬರ್ತಿದಾರೆ. ಒಟ್ಟಿಗೆ ಕೂತು ಬಯ್ಯೋಣ, ಒಬ್ಬೊಬ್ರೇ ಬಯ್ದು ಎಂತ ಪ್ರಯೋಜನ?" ಎಂದ.

ಸಾವಿತ್ರಮ್ಮ ಶೃಂಗೇರಿ ಮಠದ ಪಾಕಶಾಲೆಯಲ್ಲಿ ಕೆಲಸ ಮಾಡುವವರೊಬ್ಬರ ಹೆಂಡತಿ. ಮಗಳು ಶುಭಾಳಿಗೆ ಇಪ್ಪತ್ತೆಂಟಾದರೂ ಬುದ್ಧಿ ಏಳೆಂಟು ವರ್ಷದ ಮಗುವಿನದು. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ನಾವು ನಾಲ್ಕು ಜನ ಒಂದೇ ಮೇಜಿಗೆ ಕೂತೆವು. ಸಪ್ಲೈಯರ್ ಬಂದಾಗ ಶುಭಾ ಬೆನ್ನು ನೆಟ್ಟಗೆ ಮಾಡಿ, "ನಂಗೆ ಒಂದು ಮಸಾಲೆ ದೋಸೆ. ಚಟ್ನಿ ಬೇರೆ ಬಟ್ಟಲಲ್ಲಿ" ಎಂದಳು. ಒಂದಕ್ಷರ ತಪ್ಪಿಲ್ಲ. ಸಾವಿತ್ರಮ್ಮ ತಟ್ಟನೆ ಮಗಳ ಕೈ ಅದುಮಿ, ಹಿಂದೆ ಮುಂದೆ ನೋಡಿದರು. ಯಾರಾದರೂ ಕೇಳಿಸಿಕೊಂಡರೋ ಎಂದು.

ಆಮೇಲೆ ತಾವು ಮಾಡಿದ್ದು ಏನೆಂದು ಅವರಿಗೇ ಗೊತ್ತಾಯಿತು. ಕಣ್ಣು ತುಂಬಿಕೊಂಡು ಹೇಳಿದರು, "ಈ ಮಾತು ಕಲಿಸಲಿಕ್ಕೆ ನಂಗೆ ನಾಲ್ಕು ವರ್ಷ ಬೇಕಾಯ್ತು. ಮೀಯುದು ಕಲಿಸಲಿಕ್ಕೆ ಆರು ವರ್ಷ. ಸರ್ವೆಯವ್ರು ಕೇಳಿದಾಗ ಕೂಸು ಖುಷಿಯಲ್ಲಿ, ನಾನೇ ಮೀತೆ ಅಂತ ಹೇಳಿತು. ಅದನ್ನೇ ಬರಕೊಂಡು ಹೋದರು. ನಾನು ಬಾಗಿಲ ಹೊರಗೆ ನಿಂತು ಈಗ ಸೋಪು ಹಾಕು, ಈಗ ನೀರು ಹಾಕು ಅಂತ ಒಂದೊಂದೇ ಹೇಳುದು ಯಾರು ಬರೀತಾರೆ? ನಾನು ಸತ್ತ ಮೇಲೆ ಹೇಳುವವರು ಯಾರು? ಕಲಿಸಿದ್ದೇ ತಪ್ಪಾ, ಎಂತ ಇದು?"

ಪ್ರಕಾಶ ಕಾಫಿ ಲೋಟದ ಅಂಚನ್ನು ಬೆರಳಿನಲ್ಲಿ ಸವರುತ್ತಾ ಕೂತಿದ್ದ. "ಹೌದು ಅಂತ ಬರ್ದಿದಾರಲ್ಲ, ಅದು ಸುಳ್ಳಲ್ಲ. ಅರ್ಧ ಬರ್ದಿದಾರೆ. ಆಗುತ್ತಾ ಅಂತ ಕೇಳಿದ್ರು, ಹೆಂಗಾಗುತ್ತೆ ಅಂತ ಕೇಳ್ಲೇ ಇಲ್ಲ. ಅದನ್ನ ನಾವು ಬರೆಯೋಣ. ಅವರ ನೋಟಿಸಿಂದೇ ಹಿಂಬದಿ ಖಾಲಿ ಇದೆಯಲ್ಲ? ಯಾರೂ ಜೊಲ್ಲು ಸುರಿಸೋದು ಬೇಡ, ಯಾರೂ ಸುಳ್ಳು ಹೇಳೋದು ಬೇಡ."

"ಇಷ್ಟುದ್ದ ಬರೆದರೆ ಓದ್ತಾರಾ?" ಎಂದೆ.

"ಓದದಿದ್ರೆ ನಾವೇ ಎದುರಿಗೆ ನಿಂತು ಓದಿ ಹೇಳೋಣ. ನಂಗೆ ಬಾಯಿಪಾಠ ಚೆನ್ನಾಗಿ ಬರುತ್ತೆ."

ಶುಭಾ ದೋಸೆ ಮುಗಿಸಿ ಚಟ್ನಿಯ ಬಟ್ಟಲನ್ನು ಬೆರಳಿನಿಂದ ಒರೆಸಿ ನೆಕ್ಕಿದಳು. ಆ ಸಲ ಸಾವಿತ್ರಮ್ಮ ಅವಳ ಕೈ ಹಿಡಿಯಲಿಲ್ಲ.

ಅಲ್ಲಿಂದ ಬಂದವಳೇ ನೋಟಿಸಿನ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, ಬೆಳಗ್ಗೆ ಎಣ್ಣೆ ಬಳಿದುಕೊಂಡು ಹೊರಟರೆ ಸಂಜೆಯವರೆಗೆ ತಿರುಗುತ್ತಿದ್ದೆ. ಮರದ ಮಿಲ್ಲಿನಲ್ಲಿ ಕೈ ಕಳೆದುಕೊಂಡ ತಿಮ್ಮಪ್ಪ ಅಂಗಿಯ ಗುಂಡಿ ಹೇಗೆ ಹಾಕುತ್ತಾನೆ ಎಂದು ಅವನ ಎದುರಿಗೆ ಕೂತು ನೋಡಿದೆ. ಹಲ್ಲಿನಲ್ಲಿ ಕಚ್ಚಿ ಹಾಕುತ್ತಾನೆ, ಕೊರಳಿನ ಗುಂಡಿ ಮಾತ್ರ ಅವನಿಂದ ಆಗುವುದಿಲ್ಲ, ಹಾಗಾಗಿ ಎಷ್ಟೋ ವರ್ಷದಿಂದ ಮದುವೆ ಮನೆಗೆ ಹೋಗುವಾಗಲೂ ಕೊರಳು ತೆರೆದೇ ಹೋಗುತ್ತಾನೆ. ಇದನ್ನೆಲ್ಲ ಬರೆಯುವುದು ನಾಚಿಕೆಯ ಕೆಲಸ ಎಂದು ಮೊದಲು ಅಂದುಕೊಂಡಿದ್ದೆ. ಆದರೆ ಜನ ಹೇಳುತ್ತಾ ಹೇಳುತ್ತಾ ಹುರುಪಾದರು. ಹೇಗೆ ಮಾಡುತ್ತೀರಿ ಎಂದು ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಕೊನೆಗೆ ಗಿರಿಜಕ್ಕನ ಮನೆಗೆ ಹೋದೆ. ಹಾಳೆ ತೋರಿಸಿ ವಿಷಯ ಹೇಳಿದೆ. "ಕೂತು ನೋಡ್ತೀಯಾ? ನೋಡು" ಎಂದಳು, ಅಷ್ಟೇ. ಬೆಳಗಿನ ಹಾಲಿನ ಗಾಡಿ ಹೋದಾಗಿನಿಂದ ಮಧ್ಯಾಹ್ನದ ಬಸ್ಸು ಬರುವವರೆಗೆ ಕೂತು ನೋಡಿದೆ. ಕೊಡ ಎತ್ತಲು ಆಗುವುದಿಲ್ಲ, ಹಾಗಾಗಿ ಬಾವಿಕಟ್ಟೆಯಿಂದ ಚೊಂಬಿನಲ್ಲಿ ನೀರು. ಒಂದು ಕೊಡ ತುಂಬಲು ಹದಿನಾಲ್ಕು ಸಲ ಅಂಗಳ ದಾಟಬೇಕು. ತೆಂಗಿನಕಾಯಿ ಕಡಿಯನ್ನು ಮಂಡಿಗಳ ನಡುವೆ ಇಟ್ಟುಕೊಂಡು ಚಮಚದಲ್ಲಿ ಕೆರೆಯುತ್ತಾಳೆ. ಅಕ್ಕಿ ತೊಳೆಯುವಾಗ ಪಾತ್ರೆ ಜಾರದಿರಲೆಂದು ಗೋಡೆಗೆ ಒತ್ತಿ, ಒಳ್ಳೆಯ ಕಾಲಿನಿಂದ ತಡೆದು ಹಿಡಿಯುತ್ತಾಳೆ. ಸರ್ವೆಯ ಹುಡುಗಿಗೆ ಕೊಟ್ಟ ಆ ಮಜ್ಜಿಗೆಗೆ ಅವಳು ಹಿಂದಿನ ದಿನ ಸಂಜೆಯಿಂದಲೇ ತಯಾರಿ ಮಾಡಿದ್ದಳು ಎಂದು ನನಗೆ ಅವತ್ತು ತಿಳಿಯಿತು. ಬರೆಯುತ್ತಾ ಬರೆಯುತ್ತಾ ಹಿಂಬದಿ ತುಂಬಿ ಹೋಗಿ ಇನ್ನೊಂದು ಹಾಳೆ ತೆಗೆದೆ. "ಎಂತಕ್ಕೆ ಅಳ್ತಿ? ಅಕ್ಷರ ಕಲಸಿ ಹೋಗುತ್ತೆ" ಎಂದು ಬೈದಳು. ಸದ್ಯ, ಬೈದಳಲ್ಲ ಎಂದು ಸಮಾಧಾನವಾಯಿತು.

ವಿಚಾರಣೆ ನಡೆದದ್ದು ನರಸಿಂಹರಾಜಪುರದ ಒಂದು ಹಳೇ ಕಟ್ಟಡದ ಮಹಡಿಯಲ್ಲಿ. ಯಾವುದು ಎಂದು ಹೆಸರು ಹೇಳುವುದಿಲ್ಲ, ಅಲ್ಲಿನವರಿಗೆ ಬೇಜಾರಾದೀತು. ಅಂಗವಿಕಲರ ವಿಚಾರಣೆಯನ್ನು ಮಹಡಿಯ ಮೇಲೆ ಇಟ್ಟುಕೊಳ್ಳುವ ಬುದ್ಧಿ ಯಾರಿಗೆ ಹೊಳೆಯಿತೋ, ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಹತ್ತೊಂಬತ್ತು ಮೆಟ್ಟಿಲು, ಹಿಡಿದುಕೊಳ್ಳಲು ಹತ್ತುವವರ ಬಲಗಡೆಗೆ ಮಾತ್ರ ಒಂದು ಕಬ್ಬಿಣದ ಸರಳು. ಹತ್ತಲು ಆಗದವರು ಕೆಳಗೇ ಇರಿ, ಮೇಲಿನ ಕೆಲಸ ಮುಗಿದ ಮೇಲೆ ಯಾರಾದರೂ ಬರುತ್ತಾರೆ ಎಂದು ಜವಾನ ಕೂಗಿ ಹೋದ. ಅದು ಪರೀಕ್ಷೆಯೋ ಬರೀ ಬೇಜವಾಬ್ದಾರಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಹತ್ತಿದವರ ಹೆಸರು ಹೊಡೆದು ಹಾಕುತ್ತಾರಂತೆ ಎಂದು ಗುಸುಗುಸು ಹಬ್ಬಿತು. ಹತ್ತುವ ಶಕ್ತಿ ಇದ್ದವರೂ ಹಿಂದೆ ಸರಿದು ಗೋಡೆಗೆ ಒರಗಿ ಕೂತರು. ಹನ್ನೊಂದು ಗಂಟೆಯಾದರೂ ಮೆಟ್ಟಿಲ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಅರ್ಜಿ ತುಂಬುವ ಮಹಾನುಭಾವ ನಡುವೆ ಓಡಾಡುತ್ತಾ, "ಸುಮ್ನೆ ಕೂತಿರಿ, ಯಾರೂ ಏಳ್ಬೇಡಿ" ಎನ್ನುತ್ತಿದ್ದ.

ಗಿರಿಜಕ್ಕ ಅದೇ ನೀಲಿ ಸೀರೆ ಉಟ್ಟು ಬಂದಿದ್ದಳು. ಮೆಟ್ಟಿಲನ್ನೇ ನೋಡುತ್ತಾ ಹೇಳಿದಳು, "ಹತ್ತಿದ್ರೆ ಇವಳಿಗೆ ಆಗುತ್ತೆ ಅಂತ ಬರೀತಾರೆ. ಹತ್ತದಿದ್ರೆ ಬರ್ಲೇ ಇಲ್ಲ ಅಂತ ಬರೀತಾರೆ. ಬರೆಯೋರು ಅವ್ರೇ ತಾನೇ?"

"ಹಂಗಾದ್ರೆ ನಾನು ಎತ್ಕಂಡು ಹೋಗ್ತೀನಿ" ಎಂದು ರಾಮಣ್ಣ ಮುಂದೆ ಬಂದ.

"ಮುಟ್ಟಿದ್ರೆ ನೋಡು ಮತ್ತೆ" ಎಂದಳು.

ಸರಳು ಇದ್ದದ್ದು ಬಲಗಡೆಗೆ. ಅವಳ ಬಲಗೈ ಏನನ್ನೂ ಹಿಡಿಯುವುದಿಲ್ಲ. ಅವಳು ಒಂದು ಕ್ಷಣ ಯೋಚಿಸಿ, ಮೆಟ್ಟಿಲಿಗೆ ಬೆನ್ನು ಮಾಡಿ ನಿಂತಳು. ಈಗ ಸರಳು ಎಡಗೈಗೆ ಸಿಕ್ಕಿತು. ಹಾಗೆ ನಮ್ಮೆಲ್ಲರ ಕಡೆಗೆ ಮುಖ ಮಾಡಿಕೊಂಡು, ಹಿಮ್ಮುಖವಾಗಿ ಹತ್ತತೊಡಗಿದಳು. ಎಡಗಾಲಿನ ಹಿಮ್ಮಡಿಯಿಂದ ಹಿಂದಿನ ಮೆಟ್ಟಿಲು ತಡಕುವುದು, ಮೈಭಾರ ಹಾಕಿ ಮೇಲೇರುವುದು, ಆಮೇಲೆ ಬಲಗಾಲನ್ನು ಎಳೆದುಕೊಳ್ಳುವುದು, ಉಸಿರು ತೆಗೆದುಕೊಳ್ಳುವುದು. ನನಗೆ ಭಯ. ನೀನು ಬಿದ್ದರೆ ಎಂದು ಕೂಗಬೇಕೆನಿಸಿತು. ಕೂಗುವ ಬದಲು ಕ್ಯಾಲಿಪರ್‌ನ ಕೀಲು ಬಿಗಿ ಮಾಡಿಕೊಂಡು ಅವಳ ಬದಿಗೆ ನಾನೂ ಹತ್ತಿದೆ. ಆರನೇ ಮೆಟ್ಟಿಲಿನಲ್ಲಿ ಅವಳು ಕೂತಳು. ಬೆವರು ಒರೆಸಿಕೊಂಡು, ಕೆಳಗೆ ಗೋಡೆಗೆ ಒರಗಿದ್ದವರನ್ನು ನೋಡಿ, "ಎಂತ ಸಿನಿಮಾ ನೋಡ್ತಿದೀರಾ? ಬರೋರು ಬನ್ನಿ" ಎಂದಳು.

ಮೊದಲು ಎದ್ದವನು ತಿಮ್ಮಪ್ಪ. ಅವನಿಗೆ ಕಾಲು ಸರಿಯಿದೆ, ಎಲ್ಲರಿಗಿಂತ ಮೊದಲು ಹತ್ತಬಹುದಿತ್ತು, ಆದರೆ ಗಿರಿಜಕ್ಕನ ಹಿಂದೆಯೇ ಒಂದೊಂದೇ ಮೆಟ್ಟಿಲು ಬಂದ. ಆಮೇಲೆ ಕಣ್ಣು ಕಾಣದ ಗಂಡ ಹೆಂಡತಿ ಗೋಡೆ ಸವರುತ್ತಾ ಬಂದರು. ಒಬ್ಬಳು ಕೂತುಕೊಂಡೇ, ಅಂಗೈ ಊರಿ ಮೈ ಎತ್ತಿ ಹತ್ತಿದಳು. ಎಲ್ಲರ ಕೈಯಲ್ಲೂ ಹಾಳೆ. ಮೆಟ್ಟಿಲು ತುಂಬಿಹೋಯಿತು. ಮೇಲಿನವರು ಟೀ ಕುಡಿಯಲು ಇಳಿಯಬೇಕೆಂದು ಬಂದು ನೋಡಿದರೆ ಇಳಿಯಲು ಜಾಗವಿಲ್ಲ. "ಸ್ವಲ್ಪ ಬೇಗ ಬೇಗ ಹತ್ರಮ್ಮ" ಎಂದ ಒಬ್ಬ ಗುಮಾಸ್ತ. "ಇದೇ ನಮ್ ಬೇಗ" ಎಂದಳು ಗಿರಿಜಕ್ಕ. ಕೆಳಗಿನಿಂದ ಮೇಲಿನವರೆಗೆ ಎಲ್ಲರೂ ನಕ್ಕೆವು. ಬೆಳಗ್ಗೆಯಿಂದ ಆ ಕಟ್ಟಡದಲ್ಲಿ ಯಾರೂ ನಕ್ಕಿರಲಿಲ್ಲ.

ಮೇಲೆ ಅಧಿಕಾರಿಯಾಗಿ ಕೂತಿದ್ದವರು ಒಬ್ಬ ಹೆಂಗಸು, ಕನ್ನಡಕ, ದಣಿದ ಮುಖ. ಪಕ್ಕದಲ್ಲಿ ಗುಮಾಸ್ತ ಕಂಪ್ಯೂಟರಿನಲ್ಲಿ ಆಗಲೇ ಒತ್ತುತ್ತಿದ್ದ. "ಸ್ವತಃ ಮೆಟ್ಟಿಲು ಹತ್ತಿ ಬಂದಿದ್ದಾರೆ" ಎಂದು ಜೋರಾಗಿ ಓದಿಕೊಂಡ.

"ಬರ್ಕಳಿ" ಎಂದಳು ಗಿರಿಜಕ್ಕ. ಏದುಸಿರಿನಲ್ಲಿ ಅವಳ ತೊದಲು ಇನ್ನೂ ಹೆಚ್ಚಾಗಿತ್ತು. "ಹೆಂಗೆ ಹತ್ತಿದೆ ಅಂತಾನೂ ಬರ್ಕಳಿ."

"ಅದಕ್ಕೆ ಇದರಲ್ಲಿ ಕಾಲಂ ಇಲ್ಲಮ್ಮ."

ನಾನು ಹಾಳೆಯನ್ನು ಹಿಂಬದಿ ಮೇಲೆ ಮಾಡಿ ಮೇಜಿನ ಮೇಲಿಟ್ಟೆ. ಅಧಿಕಾರಿ ಓದಿದರು. ಎರಡನೇ ಹಾಳೆಯನ್ನೂ ಓದಿದರು. ಓದುತ್ತಾ ಒಮ್ಮೆ ತಲೆಯೆತ್ತಿ ಗಿರಿಜಕ್ಕನ ಬಲಗೈ ನೋಡಿದರು. ಅವರ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. "ಇಷ್ಟು ಕಷ್ಟ ಪಟ್ಟಾದರೂ ಎಲ್ಲಾ ನೀವೇ ಮಾಡ್ಕೊಳ್ತೀರಿ. ಅಣ್ಣನೂ ಇದ್ದಾರೆ. ಹಾಗಿದ್ರೂ ಮಾಸಾಶನ ಬೇಕೇ ಬೇಕಾ?"

ರಾಮಣ್ಣ ಬಾಯಿ ತೆರೆದ. ಗಿರಿಜಕ್ಕ ಅವನತ್ತ ನೋಡಲೂ ಇಲ್ಲ.

"ನಾನೇ ಮಾಡ್ಕಂತೀನಿ ಅಂತ್ಲೇ ಬೇಕು. ಏನೂ ಮಾಡದೆ ಬಿದ್ಕಳದಾದ್ರೆ ಅಣ್ಣನ ಮನೆ ಮೂಲೆ ಸಾಕಿತ್ತು, ನಿಮ್ಮ ಹತ್ರ ಎಂತಕ್ಕೆ ಬರ್ತಿದ್ದೆ?"

ರಾಮಣ್ಣ ತಲೆ ತಗ್ಗಿಸಿದ. ಅವನನ್ನು ನೋಡಿ ನನಗೆ ಪಾಪ ಅನಿಸಿತು, ಹಾಗೆಂದು ಅವಳ ಮಾತು ತಪ್ಪು ಅನಿಸಲಿಲ್ಲ. ಅಧಿಕಾರಿ ಎರಡೂ ಹಾಳೆಗೆ ಪಿನ್ ಹೊಡೆದು, ಇದನ್ನು ಕಡತಕ್ಕೆ ಸೇರಿಸಿ ಎಂದು ಗುಮಾಸ್ತನಿಗೆ ಕೊಟ್ಟರು. ಆಮೇಲೆ ಎದ್ದು ಬಾಗಿಲಿಗೆ ಬಂದು ಮೆಟ್ಟಿಲ ತುದಿಯಿಂದ ಬುಡದವರೆಗೆ ಕೂತಿದ್ದ, ನಿಂತಿದ್ದ, ಒರಗಿದ್ದ ನಮ್ಮವರನ್ನು ನೋಡಿದರು. ಊಟದ ಹೊತ್ತಿನ ನಂತರ ಅವರ ಮೇಜು, ಕುರ್ಚಿ, ಕಂಪ್ಯೂಟರ್ ಎಲ್ಲ ಕೆಳಗೆ ಬಂದವು.

ಮೇ ತಿಂಗಳ ಕೊನೆಗೆ ಆದೇಶ ಬಂತು. ನಮ್ಮ ಪಟ್ಟಿಯಲ್ಲಿ ಹಾಳೆ ಕೊಟ್ಟವರೆಲ್ಲರ ಮಾಸಾಶನ 'ಮುಂದಿನ ಪರಿಶೀಲನೆಯವರೆಗೆ' ಮುಂದುವರಿಯುತ್ತದೆ ಎಂದು. ಶುಭಾಳದ್ದೂ ಉಳಿಯಿತು. ಪ್ರಕಾಶನ ಕಡೆ ಇಬ್ಬರದು ನಿಂತುಹೋಯಿತು, ಅವರ ಮೇಲ್ಮನವಿಗೆ ಅವನು ಇವತ್ತಿಗೂ ಅಲೆಯುತ್ತಿದ್ದಾನೆ. ಗೆದ್ದೆವು ಎಂದು ನಾನು ಯಾವತ್ತೂ ಹೇಳಿಲ್ಲ. ಆದೇಶದ ಪ್ರತಿ ಹಿಡಿದು ಗಿರಿಜಕ್ಕನ ಮನೆಗೆ ಹೋಗಿ ಓದಿ ಹೇಳಿದೆ. ಅವಳಿಗೆ ಖುಷಿಯಾಗಿ ಬಾಯಿ ಸಿಹಿ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಹುಬ್ಬು ಗಂಟಿಕ್ಕಿದಳು.

"ಮುಂದಿನ ಪರಿಶೀಲನೆ ಅಂದ್ರೆ ಮತ್ತೆ ಕರೀತಾರಾ?"

"ಕರೀಬಹುದು."

"ಹಂಗಾದ್ರೆ ಈಗ್ಲೇ ಒಂದು ಕಾಗದ ಬರಿ. ಮುಂದಿನ ಸಲ ಮೊದ್ಲೇ ಕೆಳಗೆ ಕೂತ್ಕಳ್ಳಿ ಅಂತ."

ಜಗಲಿಯ ಮೇಲೆ ಕೂತು ಬರೆದೆ. ಮಾನ್ಯರೇ, ಮುಂದಿನ ವಿಚಾರಣೆಯನ್ನು ದಯವಿಟ್ಟು ಕೆಳಮಹಡಿಯಲ್ಲೇ ಇಟ್ಟುಕೊಳ್ಳಬೇಕಾಗಿ ವಿನಂತಿ ಎಂದು ಬರೆದು ಓದಿ ಹೇಳಿದೆ. ಹತ್ತು ವರ್ಷದಿಂದ ಅರ್ಜಿ ಬರೆದೂ ಬರೆದೂ ನನ್ನ ಕೈಗೆ ಬೇರೆ ಮಾತೇ ಬರುವುದಿಲ್ಲ.

"ದಯವಿಟ್ಟು ಎಂತಕ್ಕೆ?" ಎಂದಳು. "ಅದನ್ನ ಹೊಡಿ. ವಿನಂತೀನೂ ಹೊಡಿ."

ಹೊಡೆದೆ. ಹೊಸ ಹಾಳೆಗೆ ಬರೆದು ಕೊಡುತ್ತೇನೆ ಎಂದರೂ ಅವಳು ಬಿಡಲಿಲ್ಲ, ಹೊಡೆದದ್ದು ಅವರಿಗೂ ಕಾಣಲಿ ಎಂದಳು. ಎಡಗೈಯಲ್ಲಿ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಹಾಳೆಯ ಅರ್ಧ ತುಂಬುವಷ್ಟು ದೊಡ್ಡದಾಗಿ ತನ್ನ ಹೆಸರು ಬರೆದಳು.